ಅಂಗಳವೇ ಹೆಚ್ಚಿದ್ದ ಮನೆ

೧೯೯೧ರಲ್ಲಿ, ಏಳನೇ ತರಗತಿ ಮುಗಿಯುವ ಮೊದಲೇ ಶಾಲೆ ಬಿಟ್ಟು ಚಳ್ಳಕೆರೆಯಲ್ಲಿ ಗಾರೆ ಕೆಲಸಕ್ಕೆ ಸೇರಿದೆ. ಹತ್ತು ವರ್ಷ ಕಂಡವರ ಮನೆ ಕಟ್ಟಿ, ಆಮೇಲೆ ನನ್ನದನ್ನು ಕಟ್ಟಿಕೊಂಡೆ. ಜಾಗ ಹದಿನೈದು ಅಡಿ ಅಗಲ, ಅರವತ್ತು ಅಡಿ ಉದ್ದ. ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಮುಂದಿನದೆಲ್ಲ ಅಂಗಳ: ಒಂದು ಬದಿಗೆ ಚಪ್ಪಡಿ ಕಲ್ಲಿನ ಉದ್ದನೆಯ ಕಟ್ಟೆ, ಬೇವಿನ ನೆರಳು, ಬಾಗಿಲ ಮುಂದೆ ಗರಿಯ ಚಪ್ಪರ. ಈ ಬಿಸಿಲ ಸೀಮೆಯಲ್ಲಿ ಜನ ಉಣ್ಣುವುದು, ಮಲಗುವುದು, ಜಗಳವಾಡುವುದು ಎಲ್ಲ ಹೊರಗೇ. ಒಳಗಿರುವುದು ಟ್ರಂಕು, ಅಕ್ಕಿ ಮೂಟೆ. ಅವಕ್ಕೆ ಹಾಲ್ ಯಾಕೆ?

ಮೊಳಕಾಲ್ಮೂರಿನ ನೇಕಾರರ ಹುಡುಗಿಯನ್ನು ನೋಡಿ ಒಪ್ಪಿದ್ದೆ, ಅವಳೂ ಒಪ್ಪಿದ್ದಳು. ಅವರ ಕಡೆಯವರು ನನ್ನ ಮನೆ ನೋಡಿ ಹೂಂ ಅನ್ನುವುದೊಂದು ಬಾಕಿ. ಹನ್ನೊಂದು ಜನ ಬಂದರು. ಎಲ್ಲರಿಗಿಂತ ಮುಂದೆ ಹುಡುಗಿಯ ಸೋದರಮಾವ, ಡಿಪ್ಲೊಮಾ ಓದಿದ ಇಂಜಿನಿಯರು.

"ಏನ್ ಮೇಸ್ತ್ರೀ, ಮನೆ ಎಲ್ಲೈತೆ? ಬರೀ ಕಾಂಪೌಂಡ್ ಕಾಣ್ತೈತೆ."

"ಹಿಂದೈತೆ ಬರ್ರಿ."

"ಅರ್ಧಕ್ಕೇ ಸಿಮೆಂಟ್ ಖಾಲಿ ಆಯ್ತೇನಪ್ಪಾ?"

"ಸಿಮೆಂಟ್ ಖಾಲಿ ಆತ್ರಿ, ಬುದ್ಧಿ ಆಗಿರ್ಲಿಲ್ಲ," ಅಂದೆ. ನಮ್ಮವ್ವ ನನ್ನನ್ನು ನುಂಗುವ ಹಾಗೆ ನೋಡಿದಳು.

ತಮ್ಮ ತಂಗಿಗೆ, ಅಂದರೆ ಹುಡುಗಿಯ ತಾಯಿಗೆ, ಈ ಇಂಜಿನಿಯರೇ ನಕ್ಷೆ ಹಾಕಿ ಕಟ್ಟಿಸಿದ ಮನೆ ನಾನು ಕಂಡದ್ದೇ. ಇಷ್ಟೇ ಜಾಗದಲ್ಲಿ ನಾಲ್ಕು ಕೋಣೆ ತುರುಕಿ, ಮಧ್ಯಾಹ್ನ ಹನ್ನೆರಡಕ್ಕೆ ಟ್ಯೂಬ್‌ಲೈಟ್. ಮುಂದುಗಡೆ ಮೂರಡಿಯ ಒಂದು 'ಸಿಟೌಟ್'. ಅಲ್ಲಿ ಕೂತರೆ ಕಾಲು ಬೀದಿಯಲ್ಲಿ.

ದೊಡ್ಡ ಮನುಷ್ಯರು ಹೊರಗೆ ಕೂರಬಾರದಂತೆ. ಅವರೊಬ್ಬರೇ ಕೋಣೆಗೆ ಹೋಗಿ ಮಂಚದ ಮೇಲೆ ಕೂತರು. ಕರೆಂಟ್ ಇರಲಿಲ್ಲ. ಉಳಿದ ಹತ್ತು ಜನ ಕಟ್ಟೆಯ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಾಗ ಒಳಗಿನಿಂದ ಬೆವರಿದ ದನಿ ಬಂತು: "ಹುಡುಗೀನ ಇಲ್ಲಿಗೆ ಕೊಡೋದು ಬ್ಯಾಡ." ಬಜ್ಜಿ ಹಿಡಿದ ಕೈಗಳು ಅಲ್ಲಲ್ಲೇ ನಿಂತವು.

ಹುಡುಗಿಯ ತಾಯಿ ಮಾತ್ರ ಎದ್ದು ಗೇಟಿನಿಂದ ಚಪ್ಪರದವರೆಗೆ ಹೆಜ್ಜೆ ಹಾಕಿ ಅಂಗಳ ಅಳೆದರು. ರೇಷ್ಮೆಯ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮೊದಲು ಉದ್ದಕ್ಕೆ ಚಾಚಿ ಕಟ್ಟಬೇಕು; ಅದಕ್ಕೆ ಇಂಥ ಉದ್ದನೆಯ ಜಾಗವೇ ಬೇಕು.

"ಅಣ್ಣಾ, ನೀ ಕಟ್ಟಿಸಿದ ಮನೇಲಿ ಹಾಸು ಚಾಚೋಕೆ ಜಾಗ ಎಲ್ಲೈತೆ? ಬೀದೀಲಿ ಚಾಚ್ತೀನಿ. ಎಮ್ಮೆ ಬಂದ್ರೆ ಎತ್ತಿ ಹಿಡೀತೀನಿ."

"ಏ ತಂಗಿ, ನಾಲ್ಕು ಜನದಾಗೆ ಮರ್ಯಾದೆ..."

"ಮೊದ್ಲು ನೀ ಆಚೆ ಬಾ, ಅಂಗಿ ಹಿಂಡ್ಕೋ. ನನ್ನ ಮಗಳು ಇಲ್ಲಿ ಬಾಳ್ತಾಳೆ."

ಈಗ ನನಗಿರುವುದು: ಹೆಂಡತಿ ಒಬ್ಬಳು, ಮಕ್ಕಳಿಬ್ಬರು, ಕೋಣೆಯೊಳಗೆ ಒಂದು ಮಗ್ಗ, ಹೊರಗೆ ಮೂವತ್ತೆಂಟು ಅಡಿ ಅಂಗಳ.