ಬಂಗಾರಪೇಟೆ ಬರುವುದರೊಳಗೆ ತೀರ್ಮಾನ

ಉರಿಗಾಂ ಸ್ಟೇಷನ್ನಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಂಗಳೂರಿಗೆ ಕೂಲಿಗೆ ಹೊರಟವರ ಬುತ್ತಿಚೀಲಗಳ ನಡುವೆ ಕುಪ್ಪುಸ್ವಾಮಿ ದಪ್ಪ ರಿಜಿಸ್ಟರೊಂದನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಾರೆ. ರೈಲು ಬಂದು ನಿಲ್ಲುತ್ತದೆ. ಕಿಟಕಿಯೊಂದರಿಂದ ಬಳೆಗೈ ಹೊರಬಂದು ಕರೆಯುತ್ತದೆ: "ಅಣ್ಣಾ, ಸೀಟ್ ಇಡ್ದಿದೀವಿ, ಬಿರ್ರನೆ ಬಾ." ಹತ್ತಿ ಕೂತವರೇ ಕನ್ನಡಕ ಏರಿಸಿ ಕೇಳುತ್ತಾರೆ: "ಎಲ್ರೂ ಅವ್ರಾ? ಸರಿ, ಮೀಟಿಂಗ್ ಶುರು."

ಇದು ಉರಿಗಾಂನ ಬಡ ಹುಡುಗರ ವಸತಿ ಮನೆಯ ಆಡಳಿತ ಸಮಿತಿ. ಊರವರ ಬಾಯಲ್ಲಿ ಅದು ತಾತನ ಮನೆ. ಸಮಿತಿಯಲ್ಲಿ ಏಳು ಜನ; ಅಧ್ಯಕ್ಷ ಕುಪ್ಪುಸ್ವಾಮಿ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಅಲ್ಲಿ ಬೆಳೆದ, ಬೆಳೆಯುತ್ತಿರುವ ಹುಡುಗರ ತಾಯಂದಿರು. ತಿಂಗಳಿಗೊಂದು ಸೋಮವಾರ ಸಭೆ. ಬಂಗಾರಪೇಟೆಯಲ್ಲಿ ಕುಪ್ಪುಸ್ವಾಮಿ ಇಳಿಯುತ್ತಾರೆ, ತಾಯಂದಿರು ಕೆಲಸಕ್ಕೆ ಮುಂದೆ ಹೋಗುತ್ತಾರೆ. ಅಷ್ಟರೊಳಗೆ ತೀರ್ಮಾನ ಆಗಲೇಬೇಕು. ಸುತ್ತ ನಿಂತ ಪ್ರಯಾಣಿಕರೂ ಆಗಾಗ ಸಲಹೆ ಕೊಡುವುದುಂಟು, ಆದರೆ ಅದನ್ನು ರಿಜಿಸ್ಟರಿಗೆ ಬರೆಯುವುದಿಲ್ಲ.

ಕುಪ್ಪುಸ್ವಾಮಿ ಇಪ್ಪತ್ತಾರು ವರ್ಷ ಚಿನ್ನದ ಗಣಿಯೊಳಗೆ ಇಳಿದವರು. ಗಣಿ ಮುಚ್ಚಿದ ಮೇಲೆ ಗಣಿ ಕೆಲಸಗಾರರ ಲೈನ್ ಮನೆಗಳ ಜನರೆಲ್ಲ ಕೂಲಿಗಾಗಿ ಈ ರೈಲು ಹಿಡಿದರು. ಅಪ್ಪ ಅಮ್ಮ ಇಬ್ಬರೂ ನಸುಕಿನಲ್ಲೇ ಹೊರಟರೆ ಹುಡುಗರನ್ನು ಎಬ್ಬಿಸುವವರು ಯಾರು? ಒಂದು ದಿನ ಶಾಲೆಯ ಹೊತ್ತಿನಲ್ಲಿ ಮೂವರು ಹುಡುಗರು ಚಿನ್ನ ತೆಗೆದ ಮೇಲೆ ಉಳಿದ ವಿಷದ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲಿಂದ ಗೋಣಿಚೀಲ ಹಾಕಿಕೊಂಡು ಜಾರುತ್ತಿದ್ದುದನ್ನು ಅವರು ಕಂಡರು. "ಬಾಯಲ್ಲೆಲ್ಲಾ ಬೂದಿ. ನೋಡೋಕಾಗ್ಲಿಲ್ಲ. ಮನೇಗೆ ಕರ್ಕಂಡ್ ಬಂದು ಮುಖ ತೊಳ್ಸಿ ಮುದ್ದೆ ಹಾಕ್ದೆ. ಮಾರನೇ ದಿನ ಐದು ಜನ ಬಂದ್ರು." ಈಗ ಮೂವತ್ತೆರಡು ಹುಡುಗರಿದ್ದಾರೆ. ದಿನಕ್ಕೆ ಎಂಟು ಕಿಲೋ ರಾಗಿ ಹಿಟ್ಟು, ಒಂದು ದೊಡ್ಡ ಹಂಡೆ ಸಾರು, ಬೆಳಿಗ್ಗೆ ಬಾತ್‌ರೂಮಿನ ಮುಂದೆ ಮೂವತ್ತೆರಡು ನೆಪ.

ಮೊದಲ ಸಭೆಯನ್ನು ಅವರು ಭಾನುವಾರ ಮನೆಯಲ್ಲೇ ಕರೆದಿದ್ದರು. ಒಬ್ಬ ತಾಯಿಯೂ ಬರಲಿಲ್ಲ. "ಮಕ್ಳ ಮೇಲೆ ಅಕ್ಕರೆ ಇಲ್ಲ ಅಂತ ಬೈಕಂಡೆ. ಆಮೇಲೆ ಗೊತ್ತಾಯ್ತು, ವಾರದ ಬಟ್ಟೆ ಒಗಿಯೋದೇ ಅವತ್ತು. ತಪ್ಪು ನಂದು. ಅವ್ರು ಎಲ್ಲಿ ಕೂತಿರ್ತಾರೋ ಅಲ್ಲಿಗೆ ನಾನೇ ಓಗ್ಬೇಕಿತ್ತು." ಅಂದಿನಿಂದ ಸಭೆ ರೈಲಿಗೇ ಬಂತು.

ಕುರ್ಚಿಗೆ ಅಂಟಿಕೊಂಡ ದೊಡ್ಡವರನ್ನು ಬೇಕಾದಷ್ಟು ಕಂಡಿದ್ದ ಅವರು ಶುರುವಿನಲ್ಲೇ ತಮ್ಮ ಕೈಯಾರೆ ಒಂದು ನಿಯಮ ಬರೆದರು: ಎಪ್ಪತ್ತು ತುಂಬಿದವರು ಸಮಿತಿಯಲ್ಲಿ ಇರುವಂತಿಲ್ಲ. ನಿಯಮ ತಿದ್ದಬೇಕಾದರೆ ಉಳಿದ ಎಲ್ಲರ ಕೈಯೂ ಏಳಬೇಕು. ಆಗ ಎಪ್ಪತ್ತು ಎಂಬುದು ಬಲು ದೂರದ ಊರು. ಈಗ ಅದು ಅವರ ಬುಡಕ್ಕೇ ಬಂದಿದೆ, ಈ ಸೋಮವಾರದ ಸಭೆಯ ಮುಂದಿರುವುದೂ ಅದೊಂದೇ ವಿಷಯ. ಅಣ್ಣನಿಗೋಸ್ಕರ ನಿಯಮ ತಿದ್ದೋಣವೇ?

ಐದು ಕೈಗಳು ತಟ್ಟನೆ ಏಳುತ್ತವೆ. ಗಾರೆ ಕೆಲಸದ ಮುನಿಲಕ್ಷ್ಮಿಯ ಕೈ ಮಾತ್ರ ಬುತ್ತಿಚೀಲದ ಮೇಲೇ ಇದೆ. ಅವಳ ಮಗ ಮುನೀಂದ್ರ ಒಂಬತ್ತು ವರ್ಷ ತಾತನ ಮನೆಯಲ್ಲಿ ಉಂಡು ಬೆಳೆದವನು.

"ತಪ್ಪು ತಿಳ್ಕಾಬ್ಯಾಡ ಅಣ್ಣ," ಎನ್ನುತ್ತಾಳೆ. "ನನ್ ಮಗ ಅರ್ಧ ಗಂಟೆ ತಡವಾಗಿ ಬಂದಿದ್ಕೆ ಅವತ್ತು ನೀನು ಆಟಕ್ಕೆ ಬಿಡ್ಲಿಲ್ಲ. ರೂಲ್ಸ್ ಎಲ್ರಿಗೂ ಒಂದೇ ಅಂದೆ. ಈಗ ನಿಂಗೊಂದು ಬ್ಯಾರೆ ಮಾಡಿದ್ರೆ ಆ ಮಕ್ಳಿಗೆ ಏನಂತ ಯೋಳ್ಲಿ?"

ಕುಪ್ಪುಸ್ವಾಮಿ ಒಂದು ಸ್ಟೇಷನ್ ಕಳೆಯುವವರೆಗೂ ಕಿಟಕಿಯಾಚೆ ನೋಡುತ್ತಾರೆ. "ನೋವಾಯ್ತು, ಸುಳ್ಳು ಯಾಕೆ ಯೋಳ್ಲಿ? ತಿದ್ತಾರೆ ಅಂತಾನೇ ಅಂದ್ಕೊಂಡಿದ್ದೆ," ಎಂದು ಆಮೇಲೆ ಒಪ್ಪಿಕೊಂಡರು. ಆದರೆ ರೈಲು ಬಂಗಾರಪೇಟೆ ಸೇರುವ ಮೊದಲು ಅವರೇ ರಿಜಿಸ್ಟರ್ ಬಿಡಿಸಿ, ಹೊಸ ಅಧ್ಯಕ್ಷೆಯಾಗಿ ಮುನಿಲಕ್ಷ್ಮಿಯ ಹೆಸರು ಸೂಚಿಸುತ್ತಾರೆ. ಅಧ್ಯಕ್ಷರ ಆಯ್ಕೆಗೂ ಆರೂ ಕೈ ಏಳಬೇಕು. ಮುನಿಲಕ್ಷ್ಮಿಯದು ಹಿಂದೆಗೆಯುತ್ತದೆ, ಪಕ್ಕದವಳು ಹಿಡಿದು ಎತ್ತುತ್ತಾಳೆ.

ಈಗ ಅವರಿಗೆ ಇರುವ ಆಸೆ ಒಂದೇ. ಬೆಳಿಗ್ಗೆ ಐದಕ್ಕೆ ಹುಡುಗರನ್ನು ಎಬ್ಬಿಸುವ ಕೆಲಸ ತಮಗೇ ಇರಲಿ ಎಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಅಧ್ಯಕ್ಷೆಯ ಕೈಗೆ ಕೊಟ್ಟಿದ್ದಾರೆ. ಮುನಿಲಕ್ಷ್ಮಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಮುಂದಿನ ಮೀಟಿಂಗಲ್ಲಿ ಇಡ್ತೀನಿ ಅಣ್ಣ," ಅಂದಳು. ಆ ಸಭೆಯಲ್ಲಿ ಅವರು ಇರುವಂತಿಲ್ಲ; ಸದಸ್ಯರಲ್ಲದವರು ಸಭೆಯಲ್ಲಿ ಕೂರುವಂತಿಲ್ಲ.

"ಪಕ್ಕದ ಬೋಗೀಲಿ ಕೂತ್ಕಂಡು ಓಗ್ತೀನಿ," ಎನ್ನುತ್ತಾರೆ ಕುಪ್ಪುಸ್ವಾಮಿ. "ಬಂಗಾರಪೇಟೇಲಿ ಇಳ್ದಾಗ ಕಿಟ್ಕೀಲಿ ಯೋಳ್ತಾರೆ. ಬ್ಯಾಡ ಅಂದ್ರೂ ಸರೀನೇ. ನಂಗೇ ಬ್ಯಾಡ ಅನ್ನೋವಂಥ ಕಮಿಟಿ ಕಟ್ಟಿದ್ದು ನಾನೇ ಅಲ್ವಾ?"