ಚಂದ್ರಿಕೆ ಹತ್ತಿದ ಕಪ್ಪೆಮರಿಗಳು

ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟ ಹಿಪ್ಪುನೇರಳೆ ಸೊಪ್ಪಿನ ವಾಸನೆ ನಿಮಗೆ ಗೊತ್ತಿದ್ದರೆ, ಹೋಳೂರಿನ ಬಳಿಯ ನಮ್ಮ ಹುಳುಮನೆಯೂ ಅರ್ಧ ಗೊತ್ತಿದ್ದಂತೆಯೇ. ಮೊನ್ನೆ ಬಸ್ಸಿಗೆ ಯಾರೋ ಸೊಪ್ಪಿನ ಮೂಟೆ ಏರಿಸಿದರು, ನಾನು ಇಳಿಯಬೇಕಾದ ಸ್ಟಾಪು ದಾಟಿಹೋದದ್ದೇ ತಿಳಿಯಲಿಲ್ಲ. ನಾನಿನ್ನೂ ಪುಟ್ಟ ಹುಡುಗಿಯಾಗಿದ್ದ, ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ರೇಷ್ಮೆಹುಳು ಸಾಕುತ್ತಿದ್ದ ಆ ಉದ್ದನೆಯ ಕೋಣೆಗೆ ದೊಡ್ಡಮ್ಮನೇ ಯಜಮಾನಿ. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ತೆಪ್ಪಗೆ ಕೂತರೆ ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ದೊಡ್ಡಮ್ಮ ಲೋಕದ ಸಕಲ ಜೀವಿಗಳನ್ನೂ ಹುಳುವಿನ ಲೆಕ್ಕದಲ್ಲೇ ನೋಡುತ್ತಿದ್ದಳು. ನಾನು ಮುನಿಸಿಕೊಂಡು ಊಟ ಬಿಟ್ಟರೂ, "ಜ್ವರಕ್ಕೆ ಕೂತವ್ಳೆ ಬಿಡ್ರಿ, ಎದ್ಮೇಲೆ ತಿಂತಾಳೆ" ಅನ್ನುತ್ತಿದ್ದಳು.

ಒಂದು ವರ್ಷ ಹೊಲದಂಚಿನ ಕುಂಟೆಯ ನೀರು ಬತ್ತುತ್ತಾ ಬಂದು, ಕೆಸರಿನಲ್ಲಿ ಒದ್ದಾಡುತ್ತಿದ್ದ ಗೊದಮೊಟ್ಟೆಗಳನ್ನು ಬಿಂದಿಗೆಯಲ್ಲಿ ತಂದು ಹಿತ್ತಲ ಕಲ್ಲುತೊಟ್ಟಿಗೆ ಬಿಟ್ಟೆ. ತಂದೆನೇನೋ ಸರಿ, ದಿನಕ್ಕೆ ಹತ್ತು ಸಲ ಹೋಗಿ ಬಗ್ಗಿ ನೋಡುತ್ತಿದ್ದೆ. ಹಿಂದಿನ ವರ್ಷ ಗಾಜಿನ ಜಾಡಿಯಲ್ಲಿ ಸಾಕಿದ್ದವು ನಾಲ್ಕೂ ಕಾಲು ಮೂಡಿದ ಮೇಲೆ ಒಂದೂ ಉಳಿಯದೆ ಸತ್ತು ತೇಲಿದ್ದವು. ಯಾಕೆಂದು ತಿಳಿಯದೆ, ಕೊಂದವಳು ನಾನೇ ಎಂದುಕೊಂಡು ಯಾರಿಗೂ ಹೇಳದೆ ಅತ್ತಿದ್ದೆ. ಈ ಸಲದವು ಬೇಯಿಸಿದ ಸೊಪ್ಪಿನ ಚೂರು ಹಾಕಿದರೆ ಮುತ್ತಿಕೊಂಡು ಮೇಯುತ್ತಿದ್ದವು. ಮೊದಲು ಬಾಲದ ಬುಡದಲ್ಲಿ ಹಿಂಗಾಲು, ಸಾಸಿವೆಯಷ್ಟು. ಆಮೇಲೆ ಮಂಡಿ ಮಡಚುವಷ್ಟು. ಒಂದು ಬೆಳಿಗ್ಗೆ ನೋಡಿದರೆ ಮುಂಗಾಲೂ ಮೂಡಿ, ಬಾಲ ಕರಗತೊಡಗಿ, ಸೊಪ್ಪು ಮುಟ್ಟುವುದನ್ನೇ ಬಿಟ್ಟಿದ್ದವು. ಹೋದ ವರ್ಷದವು ಸತ್ತದ್ದೂ ಸರಿಯಾಗಿ ಇದೇ ಹೊತ್ತಿಗೆ. ಓಡಿಹೋಗಿ ದೊಡ್ಡಮ್ಮನ ಸೆರಗು ಹಿಡಿದೆ.

ಅವಳು ತೊಟ್ಟಿಗೆ ಬಗ್ಗಿ ನೋಡಿದಳು. "ಮೇವು ಬಿಟ್ಬಿಟ್ಟವೆ, ತಲೆ ಮೇಲಕ್ಕೆತ್ತವೆ. ಒಸೇ ಪೆದ್ದೀ, ಹಣ್ಣಾಗವೆ ಕಣೇ! ಚಂದ್ರಿಕೆ ಕೊಡ್ದೆ ಸುಮ್ನೆ ಕೂತಿದ್ದೀಯಲ್ಲ!" ಮೇವು ಮುಗಿಸಿ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ, ಸುರುಳಿಯಾಗಿ ದಬ್ಬೆ ಸುತ್ತಿದ ಬಿದಿರಿನ ತಟ್ಟಿಯೇ ಚಂದ್ರಿಕೆ. ಅಟ್ಟದಿಂದ ಮುರುಕಲೊಂದನ್ನು ಇಳಿಸಿ, ಅರ್ಧ ನೀರಿನಲ್ಲಿ ಅರ್ಧ ಮೇಲೆ ಇರುವಂತೆ ಓರೆಯಾಗಿ ನಿಲ್ಲಿಸಿದಳು. "ಕಪ್ಪೆ ಗೂಡು ಕಟ್ತದೇನೇ?" ಎಂದು ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕ. "ಕಟ್ಲಿಲ್ಲಾಂದ್ರೆ ಕೇಳಿ" ಅಂದಳು ದೊಡ್ಡಮ್ಮ, ನಗದೆ. ಮರುದಿನ ಬೆಳಿಗ್ಗೆ ಹೆದರಿ ಹೆದರಿ ಹೋದೆ. ಬಿದಿರಿನ ಒಂದೊಂದು ಸುತ್ತಿನಲ್ಲೂ ಹುಣಸೆಬೀಜದಷ್ಟು ಕಪ್ಪೆಮರಿಗಳು, ಮೋಟುಬಾಲ ಇಟ್ಟುಕೊಂಡು, ಗಂಟಲು ಮಿಡಿಸುತ್ತಾ ಕೂತಿದ್ದವು. ನೀರಿನ ಮೇಲೆ ಒಂದೂ ಸತ್ತು ತೇಲುತ್ತಿರಲಿಲ್ಲ. ವರ್ಷವಿಡೀ ಹೊತ್ತಿದ್ದ ಭಾರ ಇಳಿದು, ಅಲ್ಲೇ ಕುಕ್ಕರಿಸಿ ಜೋರಾಗಿ ಅತ್ತೆ. ಮರಿಗಳೆಲ್ಲ ಒಂದೊಂದಾಗಿ ಹಿತ್ತಲಿಗೆ ಕುಪ್ಪಳಿಸಿ ಹೋದ ಮೇಲೆ ದೊಡ್ಡಮ್ಮ ಚಂದ್ರಿಕೆಯನ್ನು ತಿರುವಿ ತಿರುವಿ ಗೂಡು ಹುಡುಕಿದಳು.

ಬಾಲ ಕರಗುವ ಹೊತ್ತಿಗೆ ಅವು ಗಾಳಿ ಉಸಿರಾಡಬೇಕು, ಹತ್ತಿ ಕೂರಲು ಜಾಗ ಸಿಗದಿದ್ದರೆ ನೀರಿನಲ್ಲೇ ಮುಳುಗಿ ಸಾಯುತ್ತವೆ ಎಂದು ಹೈಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ ದಿನ ಒಂದೇ ಉಸಿರಿಗೆ ಮನೆಗೆ ಬಂದು, ಅವನ್ನೆಲ್ಲ ಉಳಿಸಿದವಳು ನೀನೇ ಎಂದೆ. ದೊಡ್ಡಮ್ಮ ಹುಳುವಿನ ತಟ್ಟೆಗೆ ಸೊಪ್ಪು ಉದುರಿಸುತ್ತಾ, "ಉಳ್ಕೊಂಡು ಏನು ಬಂತೇ, ಒಂದಾದ್ರೂ ಗೂಡು ಕಟ್ಬೇಡ್ವಾ?" ಅಂದಳು. ಅವಳು ಹೋಗಿ ಎಷ್ಟೋ ವರ್ಷವಾಯಿತು, ಹುಳುಮನೆ ಇದ್ದ ಜಾಗ ಬಯಲಾಗಿದೆ. ಕೈಕೊಟ್ಟ ಬೆಳೆಗಳನ್ನು ನೆನೆಯುವಾಗ ಕೊನೆಯವರೆಗೂ ಅವಳು ಆ ಕಪ್ಪೆಗಳನ್ನೂ ಸೇರಿಸಿಯೇ ಹೇಳುತ್ತಿದ್ದಳು. ಅದಕ್ಕೂ ಹಿಂದಿನ ವರ್ಷ ಜಾಡಿಯಲ್ಲಿ ಒಂದೂ ಉಳಿಯದೆ ಸತ್ತ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಹೇಳಬೇಕಿತ್ತು.