ಬೀಗದ ಯಜಮಾನರ ಕೊನೆಯ ಸವಾರಿ

ಆಮೆಯಣ್ಣ ಶವದ ವ್ಯಾನು ಓಡಿಸಲು ಬಂದದ್ದು ಬೇರೆಲ್ಲೂ ಸಲ್ಲದೆ. ಮೊದಲು ಶಾಲೆಯ ವ್ಯಾನು ಓಡಿಸುತ್ತಿದ್ದ. ಮಕ್ಕಳು ತಲುಪುವಷ್ಟರಲ್ಲಿ ಮೊದಲನೇ ಪಾಠ ಮುಗಿದಿರುತ್ತಿತ್ತು. ಆಮೇಲೆ ಹಾಲಿನ ಗಾಡಿ. ಅವನು ಮುಟ್ಟಿಸುವ ತನಕ ಹಾಲಿಗೆ ತಾಳ್ಮೆ ಇರಲಿಲ್ಲ, ಒಡೆದುಹೋಗುತ್ತಿತ್ತು. ಈ ಕೆಲಸ ಸಿಕ್ಕ ಮೇಲೆಯೇ ಅವನ ನಿಧಾನಕ್ಕೊಂದು ಮರ್ಯಾದೆ ಬಂದದ್ದು. “ಎಷ್ಟು ಗೌರವದಿಂದ ಕರ್ಕೊಂಡು ಹೋಗ್ತಾನಪ್ಪಾ!” ಎಂದು ಜನ ಹೊಗಳಿದರೆ ಸ್ಟೀರಿಂಗಿನ ಹಿಂದೆ ಉಬ್ಬಿಹೋಗುತ್ತಿದ್ದ. ಹಿಂದೆ ಮಲಗಿದವರಂತೂ ಬೇಗ ಹೋಗು ಎಂದು ಯಾವತ್ತೂ ಪ್ರಾಣ ತಿಂದವರಲ್ಲ. ಈ ಕೆಲಸ ಹೋದರೆ ತನ್ನನ್ನು ಮೂಸಿ ನೋಡುವವರೂ ಇರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನಿಗಿದ್ದ ಹಗೆಯೆಲ್ಲ ಇಂಜಿನ್ನನ್ನು ತಣ್ಣಗಿಡುವ ಕೂಲಂಟಿನ ಮೇಲೆ. “ಬಣ್ಣ ಹಾಕಿದ ನೀರದು. ಬಾವಿ ನೀರಿಗೇನು ರೋಗ?” ಎಂದು ರೇಡಿಯೇಟರಿಗೆ ವರ್ಷಗಟ್ಟಲೆ ಗಡಸು ನೀರನ್ನೇ ಕುಡಿಸಿದ್ದ. ವ್ಯಾನಿನ ಒಡೆಯರು ಕೇಳಿದಾಗ ಮಾತ್ರ, “ಕೂಲಂಟೇ ಹಾಕ್ತಿದೀನಿ ಸಾರ್” ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದ. ಆ ನೀರನ್ನು ಇಂಜಿನ್ನಿಗೆ ತಳ್ಳುವ ವಾಟರ್ ಪಂಪು ಕಿರುಗುಟ್ಟಲು ಶುರುಮಾಡಿದಾಗ ಬೆಲ್ಟು ಸಡಿಲವಾಗಿರಬೇಕು ಎಂದು ಬಿಗಿದ. ಕಿರುಗುಟ್ಟುವುದು ಹೆಚ್ಚಾಯಿತು. ಇನ್ನಷ್ಟು ಬಿಗಿದ.

ಮೆಕ್ಯಾನಿಕ್ಕು ಬಗ್ಗಿ ನೋಡಿ ಹಣೆ ಚಚ್ಚಿಕೊಂಡ.

“ಒಳಗೆಲ್ಲ ತುಕ್ಕು, ಸುಣ್ಣದ ಪದರ! ಅದೇ ಉಜ್ಜಿ ಉಜ್ಜಿ ಸೀಲ್ ತಿಂದುಹಾಕಿದೆ, ನೀರು ತೊಟ್ಟಿಕ್ತಿದೆ. ಸಾಲದ್ದಕ್ಕೆ ಬೆಲ್ಟನ್ನ ಹೀಗೆ ಎಳೆದು ಕಟ್ಟಿದೀಯ, ಬೇರಿಂಗ್ ಉಳಿಯುತ್ತಾ? ಪಂಪು ಬದಲಾಯಿಸ್ಲೇಬೇಕು. ನಿಮ್ಮ ಒಡೆಯರಿಗೆ ಹೇಳು.”

ಹೇಳುವುದು ಹೇಗೆ? ಹೇಳಿದರೆ ಕೂಲಂಟಿನ ಸುಳ್ಳು ಬಯಲಾಗುತ್ತದೆ. ಇನ್ನೊಂದು ಸಲ ವ್ಯಾನು ದಾರಿಯಲ್ಲಿ ನಿಂತರೆ ಬೇರೆ ಡ್ರೈವರನ್ನು ಇಟ್ಟುಕೊಳ್ಳುತ್ತೇನೆ ಎಂದು ಒಡೆಯರು ಮೊದಲೇ ಎಚ್ಚರಿಸಿದ್ದರು. ಆಮೆಯಣ್ಣ ಸೀಟಿನಡಿ ನೀರಿನ ಕ್ಯಾನುಗಳನ್ನು ತುಂಬಿಟ್ಟುಕೊಂಡು ತೆಪ್ಪಗಾದ.

ಹೀಗಿರುವಾಗ ಬೀಗದ ಯಜಮಾನರು ತೀರಿಕೊಂಡರು. ಅವರದೊಂದು ವಠಾರ. ಬಾಡಿಗೆದಾರರಿಗೆಲ್ಲ ಅಂಗಳದಲ್ಲಿ ಒಂದೇ ನಲ್ಲಿ. ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೊಂದು ಬೀಗ. ಬೆಳಗ್ಗೆ ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ನೀರು ಬಿಟ್ಟು, ಕೀಲಿಯನ್ನು ಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡುಬಿಡುತ್ತಿದ್ದರು. ವ್ಯಾನು ಅಲ್ಲಿಗೆ ಹೋದಾಗ ಅಂಗಳದ ತುಂಬ ಜನ, ಆದರೆ ಒಬ್ಬರ ಕಣ್ಣಲ್ಲೂ ಹನಿ ನೀರಿಲ್ಲ. ಒಬ್ಬಳೇ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಅಳು ಬಾರದ್ದಕ್ಕೆ ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ನಿಂತಿದ್ದಳು.

ದೇಹವನ್ನು ವ್ಯಾನಿಗೆ ಏರಿಸಿದ್ದಾಯಿತು. ಆಮೆಯಣ್ಣ ಸ್ಟಾರ್ಟ್ ಮಾಡಿದ. ಪಂಪು ಎಂಥ ಸ್ವರ ತೆಗೆಯಿತೆಂದರೆ, ಹತ್ತಿರದವರನ್ನು ಕಳೆದುಕೊಂಡವರೇ ಹಾಗೆ ಗೋಳಿಡಬೇಕು. ಮೂಲೆಮನೆಯ ಅಜ್ಜಿ ಅಭ್ಯಾಸಬಲದಿಂದ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ನೋಡಿ ಇನ್ನಿಬ್ಬರು ಮೂಗೆಳೆದರು.

“ಅಂತೂ ಅಪ್ಪನಿಗೆ ಯಾರೋ ಅತ್ತರಲ್ಲ” ಎಂದಳು ಮಗಳು.

ವ್ಯಾನು ಗೇಟು ದಾಟಲಿಲ್ಲ. ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಆಮೆಯಣ್ಣ ಸೀಟಿನಡಿ ತಡಕಿದ. ಕ್ಯಾನುಗಳೆಲ್ಲ ಬರುವ ದಾರಿಯಲ್ಲೇ ಖಾಲಿಯಾಗಿದ್ದವು.

“ಯಾರಾದ್ರೂ ಒಂದು ಬಕೆಟ್ ನೀರು ಕೊಡಿ!” ಎಂದು ಅಂಗಲಾಚಿದ.

ಯಾರ ಮನೆಯಲ್ಲಿದೆ? ಯಜಮಾನರು ಹೋದಾಗಿನಿಂದ ನಲ್ಲಿಯೇ ತೆರೆದಿಲ್ಲ.

“ಕೀಲಿ ಎಲ್ಲಿದೆ ಅಮ್ಮಾ?” ಎಂದು ಮಗಳನ್ನು ಕೇಳಿದ.

ಮಗಳು ವ್ಯಾನಿನ ಕಡೆ ನೋಡಿದಳು. “ಅಪ್ಪನ ಜೇಬಲ್ಲಿ. ಅದನ್ನ ಬಿಟ್ಟು ಅಪ್ಪ ಎಲ್ಲಿಗೂ ಹೋದೋರಲ್ಲ. ಅದಕ್ಕೇ ಹೊಸ ಶರಟಿಗೂ ನಾನೇ ಪಿನ್ನು ಹಾಕಿ ಇಟ್ಟೆ.”

ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. “ಕೈ ಹಾಕಿದಾಗ ಎದ್ದು ಕೂತ್ಕೊಂಡುಬಿಟ್ರೆ?” ಎಂದ ಒಬ್ಬ. ಬದುಕಿದ್ದಾಗಿನ ಅನುಭವ ಹಾಗಿತ್ತು, ಪಾಪ, ಅವನನ್ನು ದೂರುವಂತಿಲ್ಲ.

ಕೊನೆಗೆ ಮಗಳೇ ವ್ಯಾನು ಹತ್ತಿದಳು. “ಅಪ್ಪಾ, ಸ್ವಲ್ಪ ಹೊತ್ತು ಕೊಡಿ. ವಾಪಸ್ ಇಡ್ತೀನಿ” ಎಂದು ಮೆಲ್ಲಗೆ ಪಿನ್ನು ಬಿಚ್ಚಿದಳು.

ಬೀಗ ತೆರೆದದ್ದೇ ತಡ, ಸಾವಿನ ಮನೆ ಎಂಬುದೇ ಜನಕ್ಕೆ ಮರೆತುಹೋಯಿತು. ಕೊಡ, ಬಕೆಟ್ಟು, ಪಾತ್ರೆ ಹಿಡಿದು ಮುಗಿಬಿದ್ದರು. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಸುಟ್ಟುಕೊಳ್ಳಬೇಕಾದೀತೆಂದು ಅದು ತಣಿಯುವ ತನಕ ಆಮೆಯಣ್ಣ ಕಾದ. ಕಾಯುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಷ್ಟರಲ್ಲಿ ವಠಾರವೆಲ್ಲ ನೀರು ತುಂಬಿಕೊಂಡಿತು. ದಾರಿಗಿರಲಿ ಎಂದು ಜನ ತಮ್ಮ ತುಂಬಿದ ಬಕೆಟ್ಟುಗಳನ್ನೇ ವ್ಯಾನಿಗೆ ಏರಿಸಿದರು. ಯಾರಿಗೂ ಒಂದು ತಂಬಿಗೆ ಹೆಚ್ಚು ನೀರು ಬಿಡದ ಯಜಮಾನರು ಕಾಲಬುಡದಲ್ಲಿ ಬಾಡಿಗೆದಾರರ ಬಕೆಟ್ಟುಗಳನ್ನಿಟ್ಟುಕೊಂಡು, ಅಲ್ಲಲ್ಲಿ ನಿಂತು ನೀರು ಕುಡಿಯುವ ವ್ಯಾನಿನಲ್ಲಿ ಹೊರಟರು.

ಸ್ಮಶಾನದ ಬಾಗಿಲಲ್ಲಿ ವ್ಯಾನಿನ ಒಡೆಯರು ಕಾದು ಕಾದು ಕೆಂಡವಾಗಿ ನಿಂತಿದ್ದರು. “ಮತ್ತೆ ನಿಲ್ಸಿದ್ಯೇನೋ?”

ಆಮೆಯಣ್ಣ ಬಾಯಿ ತೆರೆಯುವ ಮೊದಲೇ ಮಗಳು ಮುಂದೆ ಬಂದಳು. “ನಿಂತಿದ್ದು ಒಳ್ಳೇದೇ ಆಯ್ತು ಸಾರ್. ಅದರಿಂದ್ಲೇ ನಾನು ಅಪ್ಪನ ಹತ್ರ ಒಂದು ಮಾತಾಡಿದ್ದು. ಇವರನ್ನ ಏನೂ ಅನ್ಬೇಡಿ.”

ಒಡೆಯರ ಸಿಟ್ಟು ಇಳಿಯಿತು. ಆದರೆ ವ್ಯಾನಿನಡಿ ತುಕ್ಕು ನೀರು ಕೆಂಪಗೆ ತೊಟ್ಟಿಕ್ಕುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು.

“ಇದು ಯಾವ ಕೂಲಂಟೋ?”

“ಮೊದಲಿಂದ್ಲೂ ಬಾವಿ ನೀರೇ ಸಾರ್.” ಸುಳ್ಳು ಹೇಳುವ ಧೈರ್ಯ ಅವತ್ತು ಅವನಿಗೆ ಬರಲಿಲ್ಲ.

ಒಡೆಯರು ಒಮ್ಮೆ ಮಗಳನ್ನು, ಒಮ್ಮೆ ಅವನನ್ನು ನೋಡಿದರು. “ಪಂಪು ಬದಲಾಯಿಸು. ಇನ್ಮೇಲೆ ಕೂಲಂಟು ನನ್ನ ಕಣ್ಣೆದುರಿಗೇ ಹಾಕ್ಬೇಕು” ಎಂದರು. ಆಮೆಯಣ್ಣನಿಗೆ ಹೋದ ಜೀವ ಬಂದಂತಾಯಿತು.

ಹೊಸ ಪಂಪು ಕೂತ ಮೇಲೆ ಬಕೆಟ್ಟುಗಳನ್ನು ಹಿಂದಿರುಗಿಸಲು ವಠಾರಕ್ಕೆ ಹೋದ. ನಲ್ಲಿಯ ಪೆಟ್ಟಿಗೆ ಹಾರುಹೊಡೆದಿತ್ತು. ಮೂಲೆಮನೆಯ ಅಜ್ಜಿ ಯಾರ ಅವಸರವೂ ಇಲ್ಲದೆ ಪಾತ್ರೆ ತೊಳೆಯುತ್ತಿದ್ದಳು.

“ಕೀಲಿ ಏನಾಯ್ತಮ್ಮಾ?” ಎಂದು ಮಗಳನ್ನು ಕೇಳಿದ.

“ವಾಪಸ್ ಇಡ್ತೀನಿ ಅಂತ ಹೇಳಿದ್ನಲ್ಲ ಅಣ್ಣಾ. ಅಪ್ಪನ ಜೇಬಲ್ಲೇ ಇಟ್ಟೆ, ಪಿನ್ನೂ ಹಾಕ್ದೆ.”

“ಮತ್ತೆ ಬೀಗ?”

“ಬೀಗ ಬೇಕು ಅಂತ ಅವರು ಕೇಳ್ಲಿಲ್ಲ” ಎಂದು ನಗಲು ಹೋದಳು. ಆಗ ಅವಳಿಗೆ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ವ್ಯಾನು ಸ್ಟಾರ್ಟಿನಲ್ಲೇ ಇದ್ದರೂ ಹೊಸ ಪಂಪು ಸದ್ದೆತ್ತಲಿಲ್ಲ. ಆಮೆಯಣ್ಣ ಇಂಜಿನ್ನು ಆಫ್ ಮಾಡಿ ಬಂದು ಬಕೆಟ್ಟು ಬೋರಲು ಹಾಕಿ ಅವಳೆದುರು ಕೂತ. ಅವನಿಗೇನೂ ಅವಸರವಿರಲಿಲ್ಲ.